ಅತ್ತೆ ಹೋಟೆಲಿಗೆ ಹೋಗಿ ಕೂತ ತಿಂಗಳು

ಕೆಂಪಾಪುರದ ಮನೆಗೆ ನಾನು ಸೊಸೆಯಾಗಿ ಬಂದಾಗ ನನಗೆ ಹದಿನೆಂಟು. ತವರು ಯಶವಂತಪುರ. ಅಪ್ಪ ತಿಂಗಳಿಗೊಮ್ಮೆ ಸ್ಟೇಷನ್ ಹತ್ತಿರದ ಹೋಟೆಲಿನಿಂದ ಮಸಾಲೆದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ಮನೆ ಮುಟ್ಟುವ ಹೊತ್ತಿಗೆ ಅದು ಮೆತ್ತಗಾಗಿ ಬಾಳೆ ಎಲೆಗೆ ಅಂಟಿಕೊಂಡಿರುತ್ತಿತ್ತು. ನಮಗೆ ಅದೇ ಹಬ್ಬ. ಆ ಬಾಡಿದ ಎಲೆಯ ವಾಸನೆ ಈಗಲೂ ಮೂಗಿನಲ್ಲಿದೆ.

ಗಂಡನ ಮನೆಯಲ್ಲಿ ಹೋಟೆಲ್ ಎನ್ನುವ ಮಾತೇ ಎತ್ತುವಂತಿರಲಿಲ್ಲ. ಅವರದು ತೋಟದ ಮನೆ, ಹೂಕೋಸು, ಬೀನ್ಸು, ಒಂದಿಷ್ಟು ದ್ರಾಕ್ಷಿ. ಅತ್ತೆ ಎತ್ತರದ ಹೆಂಗಸು, ಮಾತು ಕಮ್ಮಿ. "ನಮ್ಮನೇಲಿ ಒಲೆ ಇಲ್ವಾ, ಓಟ್ಲಿಗ್ಯಾಕೋಗ್ಬೇಕು?" ಅನ್ನುವರು. ಅಲ್ಲಿಗೆ ಮುಗಿಯಿತು.

ಆದರೆ ನಮ್ಮವರು ದಿನಾ ಬೆಳಗ್ಗೆ ತರಕಾರಿ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗುವಾಗ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಇಡ್ಲಿ ತಿಂದೇ ಮುಂದೆ ಹೋಗುತ್ತಿದ್ದರು. ಬಳ್ಳಾರಿ ರಸ್ತೆ ಪಕ್ಕದಲ್ಲಿ ಹೆಂಚಿನ ಮಾಡಿನ ಪುಟ್ಟ ಹೋಟೆಲು ಅದು. ಕುಂದಾಪುರದ ಕಡೆಯ ಅಣ್ಣ ತಮ್ಮ ನಡೆಸುತ್ತಿದ್ದರು. ತಮ್ಮ ಒಲೆ ಮುಂದೆ, ಅಣ್ಣ ಮಿಕ್ಕಿದ್ದಕ್ಕೆಲ್ಲ. ಒಂದು ದಿನ ನಮ್ಮವರು ಟವೆಲ್ಲಿನಲ್ಲಿ ಎರಡು ಬೋಂಡಾ ಕಟ್ಟಿಕೊಂಡು ಬಂದು, ನನ್ನನ್ನು ಕೊಟ್ಟಿಗೆಗೆ ಕರೆದು ತಿನ್ನಿಸಿದರು. ಹಸುಗಳು ನೋಡುತ್ತಿದ್ದವು. ನಾನು ನಗು ತಡೆಯಲಾರದೆ ಕೆಮ್ಮಿದೆ.

ಆ ವರ್ಷವೇ ಫ್ಲೂ ಬಂತು. ಐವತ್ತೇಳನೇ ಇಸವಿ. ದೇಶದೇಶಗಳಲ್ಲೆಲ್ಲ ಇದೇ ಜ್ವರವಂತೆ ಎಂದು ರೇಡಿಯೋ ಕೇಳಿದವರು ಬಂದು ಹೇಳಿದರು. ನಮ್ಮ ಮನೆಯಲ್ಲಿ ಮೊದಲು ಮಾವ ಮಲಗಿದರು, ಆಮೇಲೆ ನಮ್ಮವರು, ಆಮೇಲೆ ನಾನು. ಮೂವರಿಗೂ ನೀರು ಕಾಯಿಸಿ ಕೊಡುತ್ತಿದ್ದ ಅತ್ತೆ ಕೊನೆಗೆ ತಾವೂ ಚಾಪೆ ಹಿಡಿದರು. ಎರಡು ದಿನ ಒಲೆ ಹತ್ತಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಇದೇ ಪಾಡು. ಯಾರನ್ನು ಕೂಗುವುದು?

ಮೂರನೇ ದಿನ ಬೆಳಗ್ಗೆ ಜಗುಲಿ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಹೋಟೆಲಿನ ಅಣ್ಣ ಸೈಕಲ್ ಹ್ಯಾಂಡಲಿಗೆ ಗಂಜಿ ಪಾತ್ರೆ ನೇತುಹಾಕಿಕೊಂಡು ಬಂದಿದ್ದರು. ಬಾಗಿಲಿನಿಂದಾಚೆಯೇ ನಿಂತು ಜೋರಾಗಿ ಹೇಳಿದರು, "ಅಮ್ಮಾ, ನಿಮ್ಮ ಮಗ ನಾಲ್ಕು ದಿನದಿಂದ ಇಡ್ಲಿಗೆ ಬಂದಿಲ್ಲ. ಒಂದು ದಿನವೂ ತಪ್ಪಿಸುವವರಲ್ಲ. ವಿಚಾರಿಸಿದೆ, ಹೀಗೆ ಅಂತ ಗೊತ್ತಾಯಿತು."

ನಮ್ಮವರು ಕಂಬಳಿ ಮುಖದ ಮೇಲೆ ಎಳೆದುಕೊಂಡರು. ಅತ್ತೆ ಮಲಗಿದಲ್ಲಿಂದಲೇ ಆ ಕಂಬಳಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಜಿ ಕುಡಿದರು.

ಐದು ದಿನ ಗಂಜಿ ಬಂತು, ಜೊತೆಗೆ ಉಪ್ಪಿನಕಾಯಿ. ಆರನೇ ದಿನ ಬರಲಿಲ್ಲ. ಅಷ್ಟರಲ್ಲಿ ನಾವು ಎದ್ದು ಓಡಾಡುವಂತಾಗಿದ್ದೆವು. ನಮ್ಮವರು ಹೋಗಿ ನೋಡಿ ಬಂದರು. ಒಲೆ ನೋಡುತ್ತಿದ್ದ ತಮ್ಮನೇ ಜ್ವರ ಬಂದು ಮಲಗಿದ್ದನಂತೆ. ಹೋಟೆಲ್ ಲೋಟದಿಂದಲೇ ಜ್ವರ ಹರಡುತ್ತಿದೆ ಎಂದು ಯಾರೋ ಹಬ್ಬಿಸಿ, ಬಸ್ಸಿಗೆ ನಿಂತವರು ಕೂಡ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ತಮ್ಮ ಸುಧಾರಿಸಿಕೊಂಡ ಮೇಲೆ ಬೀಗ ಹಾಕಿ ಊರಿಗೆ ಹೋಗುತ್ತೇವೆ ಎಂದು ಅಣ್ಣ ಹೇಳಿದರಂತೆ.

ಅತ್ತೆ ಕೇಳಿಸಿಕೊಂಡು ಹಾಲು ಕರೆಯಲು ಹೋದರು. ಮಾರನೆಯ ದಿನ ಬೆಳಗ್ಗೆ ನೋಡಿದರೆ ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆ ಉಡುವ ಸೀರೆ ಉಟ್ಟು ನಿಂತಿದ್ದಾರೆ.

"ನಡಿ ಅಮ್ಮಣ್ಣಿ, ಓಟ್ಲಿಗೋಗಾಣ."

ಕೆರೆ ಏರಿ ಮೇಲೆ ಅವರ ಹಿಂದೆ ಓಡಿದ ಹಾಗೇ ನಡೆದೆ. ನಮ್ಮನ್ನು ಕಂಡು ಹೋಟೆಲಿನ ಅಣ್ಣ ಗಾಬರಿಯಾದರು.

"ಅಮ್ಮಾ, ಒಳಗೆ ಬನ್ನಿ, ಹೆಂಗಸರಿಗೆ ಪರದೆ ಹಾಕಿದ ಜಾಗ ಇದೆ."

"ಒಳೀಕೆ ಕುಂತ್ರೆ ಯಾರಿಗ್ ಕಾಣ್ತದೆ? ಇಲ್ಲೇ ಕುಂತ್ಕತೀನಿ." ರಸ್ತೆ ಕಡೆಯ ಬೆಂಚಿನ ಮೇಲೆ ನೆಟ್ಟಗೆ ಕೂತರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

ಅಣ್ಣ ಎರಡು ಲೋಟ ಎತ್ತಿ ತೋರಿಸಿದರು. "ಕುದಿಯುವ ನೀರಲ್ಲಿ ತೊಳೆದಿದ್ದೇನೆ, ನೋಡಿ."

"ನೀವ್ ಗಂಜಿ ತಂದಾಗ ಪಾತ್ರೆ ತೊಳೆದ್ರಾ ಅಂತ ನಾನ್ ಕೇಳಿದ್ನಾ? ಕಾಪಿ ಕೊಡಿ."

ಅವರು ಮುಖ ಆ ಕಡೆ ತಿರುಗಿಸಿಕೊಂಡು ಕಾಫಿ ಬೆರೆಸಿದರು. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡಿದ್ದು ನನಗೆ ಕಂಡಿತು.

ಜಕ್ಕೂರಿನಿಂದ ಹುಲ್ಲು ತರುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದ. "ಇದೇನ್ ದೊಡ್ಡಮ್ಮ, ನೀವು ಓಟ್ಲಲ್ಲಿ?"

"ಯಾಕೆ, ನಾನ್ ತಿನ್ಬಾರ್ದಾ? ನಮ್ಮನೇರ್ಗೆಲ್ಲ ಜ್ವರ ಬಂದಾಗ ಗಂಜಿ ಉಯ್ದೋರು ಇವ್ರು. ಲೋಟ ಕಂಡ್ರೆ ಭಯ ಆದ್ರೆ ನಿಮ್ಮನೆ ಲೋಟ ತಕ್ಕಂಬಾ."

ಮಾರನೆಯ ದಿನ ಅತ್ತೆ ತಾವೇ ಮನೆಯಿಂದ ಹಿತ್ತಾಳೆ ಲೋಟ ಒಯ್ದರು, ಬೇರೆಯವರೂ ತರಲಿ ಅಂತ. ಗಾಡಿಯವನು ಅಲ್ಯುಮಿನಿಯಂ ಚೊಂಬು ಹಿಡಿದು ಬಂದ. ಎದುರಿನ ಅಂಗಡಿಯ ದರ್ಜಿ ಸಾಹೇಬರು ನೀಲಿ ಪಿಂಗಾಣಿ ಮಗ್ ಎತ್ತಿಕೊಂಡು ಬಂದು, "ಅಮ್ಮಾ, ನಮ್ದೂಕೆ ಲೋಟ ಐತೆ" ಎಂದು ನಕ್ಕರು. ಬಸ್ ಡ್ರೈವರುಗಳು ಬಂದರು. ಜ್ವರದ ಕಾಲದಲ್ಲಿ ಹಾಗೆ ಒಟ್ಟಿಗೆ ಕೂರುವುದು ಸರಿಯೋ ತಪ್ಪೋ, ನಮಗೆ ಹೇಳುವವರು ಯಾರೂ ಇರಲಿಲ್ಲ. ಕೆಲವರು ಬಾಗಿಲಾಚೆ ದೂರ ದೂರ ನಿಂತೇ ಕುಡಿಯುತ್ತಿದ್ದರು.

ಸುಮಾರು ಒಂದು ತಿಂಗಳು ಹೀಗೇ ಹೋದೆವು; ತಮ್ಮ ಏಳುವ ತನಕ ಒಲೆಯೂ ಅಣ್ಣನದೇ. ನನಗೆ ಅದರಷ್ಟು ಸುಖದ ದಿನಗಳು ಬೇರೆ ನೆನಪಿಲ್ಲ. ಮನೆಯಲ್ಲಿ ಗಂಡಸರ ಊಟವಾದ ಮೇಲೆ ಅತ್ತೆ, ಅತ್ತೆಯದಾದ ಮೇಲೆ ನಾನು. ಇಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ. ನನ್ನ ದೋಸೆ ಮುಗಿದರೆ ತಮ್ಮದರಲ್ಲಿ ಅರ್ಧ ಮುರಿದು ನನ್ನ ಎಲೆಗೆ ಹಾಕುವರು. ಸಾಂಬಾರಿಗೆ ಮೆಣಸಿನಕಾಯಿ ಸಾಲದು ಎಂದು ದಿನಾ ಹೇಳುವರು. ನನ್ನ ತವರಿನ ಸುದ್ದಿಯನ್ನು ಅವರು ಮೊದಲು ಕೇಳಿದ್ದೂ ಅಲ್ಲೇ.

ತಮ್ಮ ಹುಷಾರಾಗಿ, ಇಳಿದು ಹೋದ ಮೈಯಲ್ಲೇ ಒಲೆ ಮುಂದೆ ಬಂದು ನಿಂತ. ಒಂದು ಬೆಳಗ್ಗೆ ಹೋದರೆ ಬೆಂಚುಗಳೆಲ್ಲ ತುಂಬಿ ನಮಗೆ ಜಾಗವೇ ಇರಲಿಲ್ಲ. ಅತ್ತೆ ಒಂದು ಸುತ್ತು ನೋಡಿ, "ಇನ್ ನಮ್ ಕೆಲ್ಸ ಇಲ್ಲ, ನಡಿ" ಎಂದು ಹಿಂದಿರುಗಿದರು. ನನಗೆ ಅಳು ಬಂದಿತ್ತು. ಅದು ಅವರಿಗೆ ಗೊತ್ತಾಯಿತೋ ಏನೋ, ಆ ಮಧ್ಯಾಹ್ನ ಮುದ್ದೆ ಬಡಿಸಿಕೊಳ್ಳುವಾಗ, "ನೀನೂ ತಟ್ಟೆ ಇಟ್ಕ" ಎಂದರು. ಆಮೇಲೆ ಎಂದೂ ನನ್ನನ್ನು ಬಿಟ್ಟು ಉಣ್ಣಲಿಲ್ಲ.

ಅರವತ್ತರ ದಶಕದಲ್ಲಿ ಆ ಅಣ್ಣ ತಮ್ಮ ಯಲಹಂಕದಲ್ಲಿ ದೊಡ್ಡ ಹೋಟೆಲು ತೆರೆದರು. ಮೊದಲ ದಿನಕ್ಕೆ ಅತ್ತೆಯೇ ಬರಬೇಕೆಂದು ಇಬ್ಬರೂ ಮನೆತನಕ ಬಂದು ಕರೆದರು.

ಅತ್ತೆಗೆ ಅರ್ಥವೇ ಆಗಲಿಲ್ಲ. "ಯಾಕ್ ಸ್ವಾಮಿ, ಈಗೇನ್ ಕಷ್ಟ ಬಂತು ನಿಮ್ಗೆ?" ಎಂದು ಕೇಳಿದರು.

ಅತ್ತೆ ಹೋಗಲಿಲ್ಲ. ಒಂದು ಬುಟ್ಟಿ ದ್ರಾಕ್ಷಿ ಕೊಟ್ಟು ನನ್ನನ್ನೂ ನಮ್ಮವರನ್ನೂ ಕಳಿಸಿದರು.