ಒಂದು ಗಂಟೆಗೆ ಗೇಟು ತೆಗೆಯಿರಿ

ಕಲ್ಕತ್ತೆಗೆ ಹೊಸದಾಗಿ ವರ್ಗವಾಗಿ ಬಂದ ಕನ್ನಡದವರಿಗೆ ಯಾರಾದರೂ ನನ್ನ ಫೋನ್ ನಂಬರ್ ಕೊಟ್ಟುಬಿಡುತ್ತಾರೆ. ಹಿಂದೆಲ್ಲ ಇಡ್ಲಿ ಅಕ್ಕಿ ಎಲ್ಲಿ ಸಿಗುತ್ತದೆ, ಹಲ್ಲಿನ ಡಾಕ್ಟರು ಯಾರು ಎಂದು ಕೇಳುತ್ತಿದ್ದರು. ಈಗ ಕೇಳುವುದು ಒಂದೇ: "ಆಂಟಿ, ಒಳ್ಳೆ ಕ್ರೆಶ್ ಗೊತ್ತಾ?" ಗೊತ್ತಿರಲೇಬೇಕೆಂದು ಹಟ ಹಿಡಿದು ಈ ಊರಿನ ಕ್ರೆಶ್‌ಗಳನ್ನು ನಾನೇ ಸುತ್ತಿ ನೋಡುತ್ತೇನೆ.

ಹಟ ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾಲ್ಕು ವರ್ಷ ಸ್ಕೂಲಿನಲ್ಲಿ ಪಾಠ ಹೇಳಿದೆ. ಮಗಳು ಹುಟ್ಟಿದಳು. ಅವಳನ್ನು ನಂಬಿ ಬಿಡಲು ಒಂದು ಮನೆ ಸಿಗಲಿಲ್ಲ, ಕೆಲಸ ಬಿಟ್ಟೆ. "ಸಚ್ ಎ ಪಿಟಿ," ಎಂದರು ಹೆಡ್‌ಮಿಸ್ಟ್ರೆಸ್. ಅಷ್ಟಕ್ಕೇ ಮುಗಿಯಿತು. ಈಗಲೂ ಮಧ್ಯಾಹ್ನ ಪಕ್ಕದ ಬೀದಿಯ ಸ್ಕೂಲಿನ ಗಂಟೆ ಹೊಡೆದರೆ ಒಂದು ಕ್ಷಣ ಎದ್ದು ನಿಲ್ಲುವಂತಾಗುತ್ತದೆ.

ಕಳೆದ ಚಳಿಗಾಲದಲ್ಲಿ ಫೋನ್ ಮಾಡಿದವಳು ಧಾರವಾಡದ ಕಡೆಯ ಹುಡುಗಿ. ಅವಳಿಗೆ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಕೆಲಸ, ಗಂಡ ರೈಲ್ವೆಯಲ್ಲಿ, ಮಗನಿಗೆ ಒಂದೂವರೆ ವರ್ಷ. ಅವಳ ರಜೆ ಮುಂದಿನ ಸೋಮವಾರಕ್ಕೆ ಮುಗಿಯುತ್ತಿತ್ತು. ಇನ್ನೊಂದು ದಿನವೂ ಸಿಗುವಂತಿರಲಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಹುಬ್ಬಳ್ಳಿಗೆ ಹೊರಟು ನಿಂತಿದ್ದರು. ಅಷ್ಟರೊಳಗೆ ಜಾಗ ಸಿಗದಿದ್ದರೆ ಸೊಸೆ ರಾಜೀನಾಮೆ ಕೊಡುವುದು ಎಂದು ಅವರೇ ತೀರ್ಪನ್ನೂ ಕೊಟ್ಟಾಗಿತ್ತು.

ನಾನು ಹಿಂದೆಮುಂದೆ ನೋಡದೆ ಸದರ್ನ್ ಅವೆನ್ಯೂ ಹತ್ತಿರದ ಒಂದು ಕ್ರೆಶ್ ಹೇಳಿದೆ. ಅದಕ್ಕೂ ಮೊದಲು ಇನ್ನೆರಡು ಮನೆಯವರಿಗೆ ಅದನ್ನೇ ಹೇಳಿದ್ದೆ. ಗೋಡೆಯ ಮೇಲೆ ಚಿತ್ರ, ಮೂಲೆಮೂಲೆಯಲ್ಲಿ ಕ್ಯಾಮೆರಾ, ಫಿನೈಲ್ ಹಾಕಿ ಒರೆಸಿದ ನೆಲ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ನಡೆಸುವ ಮಹಿಳೆಯ ಇಂಗ್ಲಿಷ್. "ಡೂ ಟೇಕ್ ಎ ಸೀಟ್, ಮ್ಯಾಮ್" ಎಂದು ಅವರು ಹೇಳಿದ ರೀತಿಗೇ ನಾನು ಸೋತಿದ್ದೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಎದ್ದು ಬಂದಂತಿತ್ತು. ಆ ಕ್ರೆಶ್ಶನ್ನು ನಾನು ನೋಡಿದ್ದು ಅವರು ಕೊಟ್ಟ ಹೊತ್ತಿನಲ್ಲಿ, ಸಂಜೆ ನಾಲ್ಕಕ್ಕೆ.

ಮಗುವನ್ನು ಅಲ್ಲಿ ಟ್ರಯಲ್‌ಗೆ ಬಿಡತೊಡಗಿದ ಎರಡನೆಯ ದಿನ, ಬುಧವಾರ ಸಂಜೆ, ಹುಡುಗಿ ಫೋನ್ ಮಾಡಿದಳು.

"ಆಂಟಿ, ಇವ ಮನಿಗೆ ಬಂದ ಕೂಡ್ಲೇ ಎರಡು ಲೋಟ ನೀರು ಗಟಗಟ ಕುಡದಾನ್ರಿ. ನಿನ್ನೆನೂ ಹಂಗ ಮಾಡಿದ್ದ."

"ಅವರನ್ನ ಕೇಳಿದೆಯೇನಮ್ಮ?"

"ಕೇಳಿದ್ನಿ. 'ಹಿ ಈಸ್ ಪರ್ಫೆಕ್ಟ್ಲಿ ಹ್ಯಾಪಿ' ಅಂದ್ರು."

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ, ಯಾರಿಗೂ ಹೇಳದೆ ಹೋದೆ. ವಿಸಿಟಿಂಗ್ ನಾಲ್ಕರಿಂದ ಐದು ಎಂದ ಗೇಟಿನ ಕಾವಲುಗಾರ. ಹಾಗಾದರೆ ನಾಲ್ಕರವರೆಗೆ ಇಲ್ಲೇ ಇರುತ್ತೇನೆ ಎಂದು ಅವನ ಸ್ಟೂಲಿನ ಮೇಲೆ ಕೂತೆ. ಈ ಊರಿನಲ್ಲಿ ಬಿಳಿಕೂದಲಿನ ಹೆಂಗಸೊಬ್ಬಳು ಬೀದಿಯಲ್ಲಿ ಹಾಗೆ ಕೂತರೆ ಜನ ಸೇರಲು ಎಷ್ಟು ಹೊತ್ತು? "ಕೀ ಹೋಲೋ, ಮಾಷಿಮಾ?" ಏನಾಯಿತು ಎಂದು ಒಬ್ಬ ನಿಂತ, ಆಮೇಲೆ ಮೂವರು. ಕ್ರೆಶ್ ನಡೆಸುವ ಮ್ಯಾಮ್ ತಾವೇ ಬಂದು ಗೇಟು ತೆಗೆದರು.

ಒಳಗೆ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ನಮ್ಮ ಹುಡುಗ ನೀರಿನ ಬಾಟಲಿಗಳ ಕಪಾಟಿನ ಮುಂದೆ ನಿಂತು "ನೀಯು, ನೀಯು" ಎನ್ನುತ್ತಿದ್ದ. ಅವನನ್ನು ನೋಡಿಕೊಳ್ಳುವ ಹುಡುಗಿ ಮಂಡಿಯೂರಿ ಕೂತು, ಪ್ರೀತಿಯಿಂದಲೇ, "ಸೇ ವಾಟರ್, ಬಾಬಾ. ವಾ-ಟರ್" ಎನ್ನುತ್ತಿದ್ದಳು. ಅವನು ಬಾಟಲಿ ನೋಡಿದ, ಅವಳ ಮುಖ ನೋಡಿದ, ಮತ್ತೆ "ನೀಯು" ಎಂದ. ಅವಳು ನಗುತ್ತಲೇ ಇಲ್ಲವೆಂದು ತಲೆ ಆಡಿಸಿದಳು.

"ವಿ ವೇಟ್ ಫಾರ್ ದ ವರ್ಡ್," ಎಂದರು ಮ್ಯಾಮ್, ಹೆಮ್ಮೆಯಿಂದ. "ಇಟ್ಸ್ ಅವರ್ ಮೆಥಡ್. ಪೇರೆಂಟ್ಸ್ ಲವ್ ಇಟ್."

ಆರು ವರ್ಷದ ನಾನು, ಬೆಂಗಳೂರಿನ ಕಾನ್ವೆಂಟಿನಲ್ಲಿ, "ಮೇ ಐ ಬಿ ಎಕ್ಸ್‌ಕ್ಯೂಸ್ಡ್" ಎಂಬ ವಾಕ್ಯ ಬಾಯಿಗೆ ಬರದೆ ಬೆಂಚಿನ ಮೇಲೇ ಒದ್ದೆ ಮಾಡಿಕೊಂಡಿದ್ದೆ. ಸಿಸ್ಟರ್ ಬೈಯಲಿಲ್ಲ. ನುಸಿಗುಳಿಗೆ ವಾಸನೆಯ ಬೀರುವಿನಿಂದ ಒಣ ಚಡ್ಡಿ ತೆಗೆದುಕೊಟ್ಟು, ಆ ವಾಕ್ಯವನ್ನು ಹತ್ತು ಸಲ ಹೇಳಿಸಿದರು. ಇದನ್ನು ಜೀವನವಿಡೀ ತಮಾಷೆಯ ಕಥೆಯಾಗಿ ಹೇಳಿಕೊಂಡು ನಕ್ಕಿದ್ದೇನೆ. ಅವತ್ತು ನಗು ಬರಲಿಲ್ಲ.

ಬಾಟಲಿ ತೆಗೆದು ಅವನ ಬಾಯಿಗೆ ಹಿಡಿದೆ.

"ಮ್ಯಾಮ್, ಯು ಆರ್ ಡಿಸ್ಟರ್ಬಿಂಗ್ ಅವರ್ ರೊಟೀನ್."

"ಐ ಸರ್ಟನ್ಲಿ ಆಮ್," ಎಂದೆ. ನನ್ನ ಇಂಗ್ಲಿಷ್ ಅದಕ್ಕಿಂತ ಚೆನ್ನಾಗಿ ಎಂದೂ ಕೆಲಸಕ್ಕೆ ಬಂದಿರಲಿಲ್ಲ. ಧಾರವಾಡದ ಹುಡುಗಿಗೆ ಫೋನ್ ಮಾಡಿ ಕರೆಸಿ, ಮಗುವನ್ನು ಮನೆಗೆ ಕರೆದುಕೊಂಡು ಹೋದೆವು.

ಅಲ್ಲಿ ಅತ್ತೆ ಕಾಯುತ್ತಿದ್ದರು. ಒಂದು ಕಾಲಕ್ಕೆ ಟೀಚರಾಗಿದ್ದೆ ಎಂದು ತಿಳಿದಾಗಿನಿಂದ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು.

"ನಾ ಏನ್ ಹೇಳಿದ್ದೆ, ಅಕ್ಕೋರ? ತಾಯಿ ಮನ್ಯಾಗ ಇದ್ರ ಇದೆಲ್ಲಾ ಬೇಕಾಗಿತ್ತೇನು?"

"ಹಾಗಾದರೆ ನಿಮ್ಮ ಮಗ ರಾಜೀನಾಮೆ ಕೊಡಲಿ."

"ಅಯ್ಯ ಶಿವನ! ಗಂಡಸು ನೌಕರಿ ಬಿಡ್ತಾನೇನ್ರಿ?"

"ಹೆಂಗಸು ಯಾಕೆ ಬಿಡಬೇಕು? ಬಿಟ್ಟವಳು ಹೇಳ್ತಿದೀನಿ, ಕೇಳಿ. ಇವಳು ಬಿಡಕೂಡದು. ತಪ್ಪು ಜಾಗ ಹೇಳಿದವಳು ನಾನು, ಸರಿಯಾದ್ದು ಹುಡುಕೋಳೂ ನಾನೇ. ತಪ್ಪು ಹಿಡಿಯೋ ಆಸೆ ಇದ್ದರೆ ಜೊತೆಗೆ ಬಂದು ಹಿಡೀರಿ."

ಬಂದೇಬಿಟ್ಟರು! ಶುಕ್ರವಾರ ಮೂರು ಕಡೆ ಹೋದೆವು. ನಾನು ಬಚ್ಚಲು ತೋರಿಸಿ ಎನ್ನುವುದು, ಅವರು ಹಾಸಿಗೆ ಎತ್ತಿ ಮೂಸುವುದು. ಒಂದು ಕಡೆ ಅಷ್ಟೂ ಮಕ್ಕಳು ಟಿವಿ ಮುಂದೆ. ಇನ್ನೊಂದು ಮೂರನೆಯ ಮಹಡಿಯಲ್ಲಿತ್ತು, ಕಿಟಕಿಗೆ ಸರಳಿರಲಿಲ್ಲ. ಮತ್ತೊಂದರಲ್ಲಿ ಅವರು ದಿಂಬು ಕೆಳಗಿಟ್ಟು "ನಡೀರಿ" ಎಂದಷ್ಟೇ ಹೇಳಿದರು. ಅವರಷ್ಟು ಒಳ್ಳೆಯ ಇನ್‌ಸ್ಪೆಕ್ಟರನ್ನು ನಾನು ಕಂಡಿಲ್ಲ.

ಶನಿವಾರ ಹುಡುಗಿಯೂ ಮಗುವನ್ನೆತ್ತಿಕೊಂಡು ಬಂದಳು. ಲೇಕ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಕೆಂಪು ನೆಲದ ಒಂದು ಮನೆ. ರಿಟೈರಾದ ನರ್ಸ್ ಒಬ್ಬರು, ಇಬ್ಬರು ಸಹಾಯಕರನ್ನು ಇಟ್ಟುಕೊಂಡು, ಆರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅಜ್ಜಿ ಎಂಬರ್ಥದಲ್ಲಿ ಮಕ್ಕಳು ಅವರನ್ನು ದಿದಾ ಎನ್ನುತ್ತಿದ್ದವು. ಬಾಗಿಲು ತೆರೆದೇ ಇತ್ತು; ಮಕ್ಕಳು ದಾಟದಂತೆ ಅಡ್ಡಕ್ಕೆ ಹಲಗೆ. ಒಳಗೆ ಗಲಾಟೆ, ಖಿಚುಡಿಯ ವಾಸನೆ. ದಿದಾ ತಮ್ಮ ಜಾಗದ ಬಗ್ಗೆ ಒಂದು ಮಾತೂ ಹೊಗಳಿಕೊಳ್ಳದೆ, ಬಂಗಾಳಿ ಬೆರೆತ ಹಿಂದಿಯಲ್ಲಿ ನಮ್ಮನ್ನೇ ಕೇಳತೊಡಗಿದರು. ಇವನು ನೀರಿಗೆ ಏನೆನ್ನುತ್ತಾನೆ? ಅನ್ನಕ್ಕೆ? ಉಚ್ಚೆ ಬಂದರೆ? ಹೆದರಿದರೆ ಯಾರನ್ನು ಕರೆಯುತ್ತಾನೆ? ಉತ್ತರವನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬಂಗಾಳಿ ಅಕ್ಷರದಲ್ಲಿ ಬರೆದುಕೊಂಡರು. ಬೇರೆ ಮಕ್ಕಳ ಇಂಥವೇ ಹಾಳೆಗಳು ಅಡಿಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದವು.

ಕೊನೆಯ ಪ್ರಶ್ನೆಗೆ ಹುಡುಗಿ ತಡವರಿಸಿದಳು.

"'ಆಯಿ' ಅಂತಾನ," ಎಂದರು ಅತ್ತೆ. "ನನ್ನ ಕರೀತಾನ." ಸೆರಗು ಸರಿಮಾಡಿಕೊಂಡು, ಉಳಿದದ್ದನ್ನೂ ತಾವೇ ಹೇಳಿ ಬರೆಸಿದರು. "ಬುವ್ವಾ ಅನ್ರಿ. ಬೂಬಾ ಅಲ್ಲ. ಇನ್ನೊಮ್ಮೆ ಅನ್ರಿ ನೋಡೋಣು." ದಿದಾ ವಿದ್ಯಾರ್ಥಿನಿಯಂತೆ ಇನ್ನೊಮ್ಮೆ ಹೇಳಿದರು.

ನಾನು ಬಚ್ಚಲು ನೋಡಿದೆ, ಗ್ಯಾಸ್ ಒಲೆ ಎಷ್ಟು ಎತ್ತರದಲ್ಲಿದೆ ನೋಡಿದೆ, ಜ್ವರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ನಾವು ಯಾವಾಗ ಬಂದು ನೋಡಬಹುದು ಎಂದೂ ಕೇಳಿದೆ.

"ಯಾವಾಗ ಬೇಕಾದರೂ. ಮಲಗಿರೋ ಹೊತ್ತಾದರೆ ಬಾಯಿ ಮುಚ್ಚಿಕೊಂಡು ಬನ್ನಿ," ಎಂದರು ದಿದಾ.

ಭಾನುವಾರ, ಸದರ್ನ್ ಅವೆನ್ಯೂ ಕ್ರೆಶ್ಶನ್ನೇ ನಾನು ಸೂಚಿಸಿದ್ದ ಆ ಇನ್ನೆರಡು ಮನೆಗೂ ಫೋನ್ ಮಾಡಿದೆ. ಈ ವಯಸ್ಸಿನಲ್ಲಿ "ನಾನು ತಪ್ಪು ಹೇಳಿದ್ದೆ" ಎನ್ನುವುದು ಸುಲಭವಲ್ಲ. ಒಬ್ಬ ತಾಯಿ ಒಪ್ಪಲೇ ಇಲ್ಲ: "ಬಟ್ ಆಂಟಿ, ಅವನು ಎಷ್ಟು ಇಂಗ್ಲಿಷ್ ಮಾತಾಡ್ತಾನೆ ಗೊತ್ತಾ ಈಗ!" ನನ್ನ ಮಾತು ಬಿಡು, ನೀನೇ ಒಂದು ಗಂಟೆಗೆ ಹೋಗಿ ನೋಡು ಎಂದೆ. ಸಂಜೆಗೆ ಮ್ಯಾಮ್ ಫೋನ್ ಬಂತು, ಇದು ಡಿಫಮೇಶನ್ ಎಂದು. ಒಂದು ಗಂಟೆಗೆ ಪೇರೆಂಟ್ಸ್‌ಗೆ ಗೇಟು ತೆಗೆಯಿರಿ, ಬಾಯಾರಿದ ಮಗುವಿಗೆ ಮೊದಲು ನೀರು ಕೊಡಿ, ನನ್ನ ಮಾತೆಲ್ಲ ವಾಪಸ್ ತಗೊಳ್ತೀನಿ ಎಂದೆ. ಫೋನ್ ಇಟ್ಟರು. ಇಡಲಿ.

ಸೋಮವಾರ ಬೆಳಿಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡ ಹುಡುಗ ಹಲಗೆಯ ಆಚೆ ನಿಂತು ಜೋರಾಗಿ ಅತ್ತ. ತಾಯಿ ಈಚೆ ಬ್ಯಾಗ್ ಹಿಡಿದು ನಿಂತಳು, ಕಾಲು ಏಳಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

"ಹೋಗವ್ವ. ಮೊದಲನೇ ದಿನನ ಲೇಟ್ ಆಗ್ತಿಯೇನು? ಅಳ್ತಾನ, ಅಳ್ಳಿ. ನಾನು ಇಲ್ಲೇ ನಿಂದರ್ತೀನಿ."

ಹುಡುಗಿ ತಿರುಗಿ ನೋಡದೆ ಮೆಟ್ರೊ ಕಡೆಗೆ ನಡೆದಳು. ನಾವಿಬ್ಬರು ಗಲ್ಲಿಯಲ್ಲಿ ನಿಂತೆವು. ಹತ್ತು ನಿಮಿಷವಾದ ಮೇಲೆ, ಅಳುವ ಹುಡುಗನನ್ನು ಸೊಂಟದ ಮೇಲಿಟ್ಟುಕೊಂಡು ದಿದಾ ಬಾಗಿಲಿಗೆ ಬಂದರು. ಹೊರಗೆ ನಿಂತು ಕಾವಲು ಕಾಯುವುದು ಬೇಡ, ಒಳಗೆ ಎರಡು ಕಿಲೋ ಬಟಾಣಿ ಇದೆ, ಬಂದು ಸುಲಿಯಿರಿ ಎಂದರು. ಹಲಗೆ ದಾಟಿ ಒಳಗೆ ಹೋಗಿ ಸುಲಿಯುತ್ತ ಕೂತೆವು.