ಚಕ್ರದಡಿಯ ಕಲ್ಲು ತೆಗೆದವಳು ನಾನು

ಇವತ್ತು ಪರವಾಡದ ಕಾರ್ಖಾನೆಗೆ ಹೋಗುವ ನಮ್ಮ ಕಂಪನಿ ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ವಿಜಯವಾಡದ ಒನ್ ಟೌನ್ ಪೇಟೆಯ ಇಳಿಜಾರು ಬೀದಿಗೆ ಓಡಿತು.

ಅಮ್ಮ ಧಾರವಾಡದವಳು, ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಪ್ಪ ತೆಲುಗಿನವರು. ನಾನು ಚಿಕ್ಕವಳಿದ್ದಾಗ ಒಂದು ದಿನ ಅಪ್ಪನ ಅಂಗಡಿಯೆದುರು ಬಟ್ಟೆಯ ಮೂಟೆ ಹೇರಿದ್ದ ತಳ್ಳುಬಂಡಿ ನಿಂತಿತ್ತು. ಪುಟ್ಟ ತಂಗಿ ಮೂಟೆಗಳ ಮೇಲೆ ಕುಳಿತಿದ್ದಳು. ನಾನು ಆಟಕ್ಕೆಂದು ಚಕ್ರದಡಿಯ ಕಲ್ಲು ಎಳೆದೆ. ಬಂಡಿ ಮೆಲ್ಲಗೆ ಕದಲಿ, ನೋಡನೋಡುತ್ತಲೇ ವೇಗ ಹಿಡಿಯಿತು. ತಂಗಿ ಕಿರುಚಿದಳು. ಅಪ್ಪ ಓಡಿಹೋಗಿ ಅದರ ಎದುರಿಗೇ ಕೈಚಾಚಿ ನಿಂತರು.

“ಮುಂದ ನಿಂದರಬ್ಯಾಡ್ರೀ! ಅಷ್ಟು ಭಾರ ನಿಮ್ಮ ಕೈಲೆ ತಡಿಯಾಕಾಗಂಗಿಲ್ಲ, ಬಾಜೂಕ ಸರೀರಿ!” ಅಮ್ಮ ಚೀರಿದಳು.

ಅಪ್ಪ ಸರಿದರು. ಅಮ್ಮ ಬಂಡಿಯ ಪಕ್ಕದಲ್ಲೇ, ಅದರಷ್ಟೇ ವೇಗದಲ್ಲಿ ಓಡುತ್ತಾ ತಂಗಿಯನ್ನು ಎದೆಗೆ ಸೆಳೆದುಕೊಂಡಳು. ಬಂಡಿ ಗೋಡೆಗೆ ಅಪ್ಪಳಿಸಿ ಮುರಿಯಿತು.

“ಕಲ್ಲು ಯಾರು ತೆಗೆದ್ರು?” ಅಪ್ಪ ಗುಡುಗಿದರು. ಅಮ್ಮ ಒಮ್ಮೆ ನನ್ನ ಮುಖ ನೋಡಿದಳು.

“ಯಾರೂ ಇಲ್ಲ. ಬಂಡಿ ತಾನ ಜಾರೇತ್ರಿ.”

ಇವತ್ತು ಬಸ್ಸಿನಿಂದಲೇ ಅಪ್ಪನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅಪ್ಪ ನಕ್ಕುಬಿಟ್ಟರು. “ಆವತ್ತೇ ಗೊತ್ತಾಯ್ತಮ್ಮಾ. ನಿಂತ ಬಂಡಿ ತಾನಾಗಿ ಹೊರಡೋದಿಲ್ಲ ಅಂತ ದಿನಾ ಪಾಠ ಹೇಳೋಳು ನಿಮ್ಮಮ್ಮನೇ ಅಲ್ವಾ?”