ಹನ್ನೊಂದನೆಯ ಕಟ್ಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎಪ್ಪತ್ತರ ದಶಕದ ಕೊನೆಯ ಬೇಸಿಗೆ ಎಂಬುದು ಖಚಿತ, ವರ್ಷ ಯಾವುದೆಂದು ಆಣೆ ಮಾಡಲಾರೆ. ಎಲೆಯ ಕಟ್ಟು ಮೂವತ್ತು ಎಂದು ನೆನಪು, ಮೂವತ್ತೆರಡೂ ಇದ್ದಿರಬಹುದು...

ಕಳೆದ ತಿಂಗಳು ಬೀರೂರಿನ ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆ. ಎಷ್ಟೋ ಕಾಲದ ಮೇಲೆ ಮುತ್ತುಗದ ಎಲೆ ಹಾಕಿದ್ದರು. ನೀರು ಚಿಮುಕಿಸಿದ ಒಣ ಎಲೆಯ ಮೇಲೆ ಬಿಸಿ ಅನ್ನ ಬಿದ್ದು ಆ ವಾಸನೆ ಎದ್ದಾಗ ನನ್ನ ಕೈ ಹಾಗೇ ನಿಂತಿತು. ಪಕ್ಕದವರು, "ಉಪ್ಪು ಹಾಕಿಸ್ಲೇನ್ರೀ?" ಎಂದರು.

ಆ ವಾಸನೆ ಕಡೂರಿನ ನಮ್ಮ ಎದುರುಮನೆಯ ಅತ್ತೆಯದು. ನೆಂಟರೇನಲ್ಲ, ಬೀದಿಯಲ್ಲಿ ಎಲ್ಲರಿಗೂ ಅತ್ತೆ. ಅವರ ಜಗಲಿಯ ಮೇಲೆ "ಊಟದ ಎಲೆ, ದೊನ್ನೆ ತಯಾರಕರು" ಎಂಬ ತಗಡಿನ ಬೋರ್ಡಿತ್ತು. ಅತ್ತೆ ಅದನ್ನು ಕಂಪ್ನಿ ಎನ್ನುತ್ತಿದ್ದರು. ಬೀದಿಯವರು ನಗುತ್ತಿದ್ದರು, ಆದರೆ ಅದು ನಿಜಕ್ಕೂ ಕಂಪನಿಯೇ. ಪಂಚನಹಳ್ಳಿ, ಚೌಳಹಿರಿಯೂರುಗಳ ಕಡೆಯ ಹೆಂಗಸರು ಎಲೆ ಕೊಯ್ದು ಒಣಗಿಸಿ ಬಸ್ಸಿನ ಮೇಲೆ ಕಳಿಸುತ್ತಿದ್ದರು. ಬಿದಿರಿನ ಸಣ್ಣ ಕಡ್ಡಿಗಳು ತರೀಕೆರೆಯಿಂದ ಬರುತ್ತಿದ್ದವು. ನಮ್ಮ ಬೀದಿ, ಹಿಂದಿನ ಬೀದಿ ಸೇರಿ ಇಪ್ಪತ್ತು ಮನೆಗಳಲ್ಲಿ ಆ ಕಡ್ಡಿ ಚುಚ್ಚಿ ಎಲೆ ಹಚ್ಚುತ್ತಿದ್ದರು. ಎಲೆ ಬಂದು ಕಡ್ಡಿ ಬಾರದಿದ್ದರೆ ಇಪ್ಪತ್ತು ಮನೆಯ ಕೈ ಖಾಲಿ. ಎಲೆ ತೀರಾ ಒಣಗಿದರೆ ಸೀಳುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಇದೆಲ್ಲವನ್ನೂ ಅತ್ತೆ ಪೋಸ್ಟ್ ಕಾರ್ಡುಗಳಿಂದ, ಬಸ್ ಕಂಡಕ್ಟರುಗಳ ಬಾಯಿಂದ ನಡೆಸುತ್ತಿದ್ದರು. ಯಾವ ಕಟ್ಟು ಯಾವ ಊರಿಗೆ ಎಂಬುದಕ್ಕೆ ಚೀಟಿ ಇರಲಿಲ್ಲ. ಹಳೆ ಸೀರೆಯ ಅಂಚು ಹರಿದು ಕಟ್ಟುತ್ತಿದ್ದರು. ಅಜ್ಜಂಪುರದ ಕಡೆಗೆ ಕೆಂಪು, ತರೀಕೆರೆಗೆ ನೀಲಿ.

ಅವರದೊಂದು ಪದ್ಧತಿ ನನಗೆ ಹಿಡಿಸುತ್ತಿರಲಿಲ್ಲ. ಯಾರೇ ಹತ್ತು ಕಟ್ಟು ಹಚ್ಚಿಕೊಟ್ಟರೂ ಹನ್ನೊಂದನೆಯದು ಅವರ ಮನೆಯಲ್ಲೇ ಉಳಿಯಬೇಕು. ಅದನ್ನು ಅತ್ತೆ ಕೇಳುವಂತಿಲ್ಲ, ಅವರು ಮಾರುವಂತಿಲ್ಲ, ಮನೆಯ ಹಬ್ಬಕ್ಕೋ ನಾಮಕರಣಕ್ಕೋ ಅಟ್ಟದಲ್ಲಿ ಇರಬೇಕು. ಆಗ ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ನಾನು ರಜೆಯಲ್ಲಿ ಅವರ ಕಾಗದ ಬರೆದುಕೊಡುತ್ತಿದ್ದೆ. ಇದು ದಂಡ, ನಿಲ್ಲಿಸಿ ಎಂದು ಹೇಳಿದ್ದೂ ಉಂಟು. "ಆಯ್ತು ಕಾಲೇಜಮ್ಮ, ನಿನ್ ಕಂಪ್ನೀಲಿ ನಿಲ್ಸು," ಎಂದಿದ್ದರು.

ಆ ಬೇಸಿಗೆ ಅಜ್ಜಂಪುರದ ಕಡೆಯ ಬುಕ್ಕಾಂಬುಧಿಯ ಒಂದು ದೊಡ್ಡ ಮನೆತನದ ಮದುವೆಗೆ ಮೂವತ್ತು ಕಟ್ಟು, ಕಟ್ಟಿಗೆ ನೂರರಂತೆ, ಕೆಂಪು ಅಂಚು ಕಟ್ಟಿಸಿಕೊಂಡು ಸಿದ್ಧವಾಗಿತ್ತು. ಮದುವೆಗೆ ಹತ್ತು ದಿನವಿರುವಾಗ ಆ ಮನೆಯ ಹಿರಿಯರು ತೀರಿಕೊಂಡರೆಂದು ಕಂಡಕ್ಟರ್ ಹೇಳಿ ಹೋದ. ನಾನು, ಅತ್ತೆ, ನಮ್ಮ ಚಿಕ್ಕಮ್ಮ ಮೂವರೂ ಜಗಲಿಯಲ್ಲಿದ್ದೆವು. ಹಾಗಾದರೆ ಮದುವೆ ಮುಂದಕ್ಕೆ ಹೋಗುತ್ತದೆ ಎಂಬ ಮಾತು ಬಂತು. ನಮ್ಮ ಮನೆಗಳಲ್ಲಿ ಹದಿಮೂರು ದಿನ ಸೂತಕ, ಅದರಲ್ಲಿ ಶುಭಕಾರ್ಯದ ಮಾತೇ ಇಲ್ಲ. ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ತರೀಕೆರೆಯ ಇನ್ನೊಂದು ಮದುವೆಯವರು ಎಲೆಗಾಗಿ ಪೀಡಿಸುತ್ತಿದ್ದರು. ಕೆಂಪು ಅಂಚು ಬಿಚ್ಚಿ ನೀಲಿ ಕಟ್ಟಿದ್ದೂ ಆಯಿತು, ಮೂವತ್ತೂ ಹೋದದ್ದೂ ಆಯಿತು.

ಮದುವೆಗೆ ಮೂರು ದಿನ ಉಳಿದಿರುವಾಗ ಬುಕ್ಕಾಂಬುಧಿಯ ಮದುವೆ ಹುಡುಗಿಯ ಸೋದರಮಾವ ಅಂಗಳದಲ್ಲಿ ನಿಂತಿದ್ದರು. ಹಣೆ ತುಂಬ ವಿಭೂತಿ.

"ಎಲೆ ಎಲ್ಲಮ್ಮಾ? ಬತ್ತದೆ ಬತ್ತದೆ ಅಂತ ಅಜ್ಜಂಪುರ ಸ್ಟೇಷನ್ನಲ್ಲಿ ಗಾಡಿ ನಿಲ್ಸಿ ಸಾಕಾಯ್ತು."

"ನಿಮ್ಮನೇಲಿ ಯಜಮಾನ್ರು..." ಎಂದರು ಅತ್ತೆ.

"ಹೂಂ, ಲಿಂಗೈಕ್ಯರಾದ್ರು. ಮಠದ ಸ್ವಾಮಿಗಳೇ ಬಂದಿದ್ರು. ಅದಕ್ಕೂ ಲಗ್ನಕ್ಕೂ ಏನಮ್ಮ? ನಮ್ಮಲ್ಲಿ ಸೂತಕ ಹಿಡಿಯಲ್ಲ ಕಣಮ್ಮ."

ಅತ್ತೆ ಕಂಬ ಹಿಡಿದುಕೊಂಡರು. ಆ ಕಂಬ ಹಿಡಿದ ಕೈ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಹೇಳಿದರು: "ನಾಡಿದ್ದು ಬೆಳಿಗ್ಗೆ ರೈಲಿಗೆ ಬತ್ತದೆ, ಹೋಗಿ."

"ಬರ್ದಿದ್ರೆ?"

"ಬರ್ದಿದ್ರೆ ಆ ಬೋರ್ಡ್ ಇಳಿಸ್ತೀನಿ. ನೀವೇ ತಗೊಂಡ್ ಹೋಗಿ ದನದ ಕೊಟ್ಟಿಗೆಗೆ ಮುಚ್ಕೊಳ್ಳಿ."

ಇಳಿಸುವವರೇ ಎಂದು ನನಗೆ ಗೊತ್ತಿತ್ತು. ಒಂದು ಮದುವೆಯ ಪಂಕ್ತಿ ಎಲೆಯಿಲ್ಲದೆ ಎದ್ದುಹೋದರೆ ಅಜ್ಜಂಪುರದ ಕಡೆ ಮತ್ತೆ ಯಾರೂ ಅವರಿಂದ ಎಲೆ ತರಿಸುತ್ತಿರಲಿಲ್ಲ. ಹಚ್ಚದ ಎಲೆ ಉಳಿದಿದ್ದದ್ದು ಆರೇಳು ಕಟ್ಟಿಗಾಗುವಷ್ಟು. ಮರದಲ್ಲಿದ್ದದ್ದು ಇನ್ನೂ ಎಳೆ ಚಿಗುರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಮೊದಲ ಮನೆಗೆ ಹೊರಟರು, ಹಿಂದೆ ನಾನು. ಬಾಗಿಲಿಗೆ ಬಂದಾಕೆ, "ಅಯ್ಯೋ, ಕಂಪ್ನಿಯೇ ನಡ್ಕೊಂಡ್ ಬಂದ್ಬಿಡ್ತಲ್ಲ!" ಎಂದಳು. ಅತ್ತೆ ನಗಲಿಲ್ಲ. "ಕೇಳಬಾರ್ದು ಅಂತ ನಾನೇ ಹೇಳಿದ್ದು ಕಣೇ. ಈಗ ಕೇಳ್ತಿದೀನಿ. ಅಟ್ಟದಲ್ಲಿರೋದು ಕೊಡ್ತೀಯಾ?" ಎಂದರು. ಆಕೆ ಒಳಗೆ ಹೋಗಿ ಏಣಿ ತಂದಳು.

ಹಾಗೆ ಇಪ್ಪತ್ತು ಮನೆ. ಕೆಲವರು ಎರಡು ಕಟ್ಟು ಕೊಟ್ಟರು, ಕೆಲವರು ಅರ್ಧ. ಒಬ್ಬಾಕೆ ಮಗಳ ಸೀಮಂತಕ್ಕೆಂದು ಇಟ್ಟಿದ್ದನ್ನು ತಂದು, "ಸೀಮಂತ ಇನ್ನೂ ತಿಂಗಳಿದೆ. ಅಷ್ಟರಲ್ಲಿ ಹಚ್ಚಿಕೊಡದಿದ್ರೆ ನಿಮ್ಮನೆ ತಟ್ಟೆ ಎಲ್ಲಾ ಹೊತ್ಕೊಂಡ್ ಬತ್ತೀನಿ ನೋಡಿ," ಎಂದಳು. ಸಂಜೆಗೆ ಅತ್ತೆಯ ನಡುಮನೆಯಲ್ಲಿ ಇಪ್ಪತ್ನಾಲ್ಕು ಕಟ್ಟು ಕೂತಿದ್ದವು. ಉಳಿದದ್ದನ್ನು ಮರುದಿನ ಇಡೀ ಬೀದಿ ಕೂತು ಹಚ್ಚಿತು. ನಾನೂ ಹಚ್ಚಿದೆ. ನನ್ನವನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಅನ್ನ ನಿಲ್ಲಲ್ಲ, ಅರ್ಥಶಾಸ್ತ್ರ ನಿಲ್ಲಬಹುದು," ಎಂದು ಬದಿಗಿಟ್ಟರು. ಎರಡು ದಿನದಲ್ಲಿ ಅವರು ನಕ್ಕದ್ದು ಆಗಲೇ.

ಹೇಳಿದ ಬೆಳಿಗ್ಗೆ ಒದ್ದೆ ಗೋಣಿ ಹೊದಿಸಿದ ಮೂವತ್ತು ಕಟ್ಟುಗಳ ಜೊತೆ ನಾವಿಬ್ಬರೂ ಅಜ್ಜಂಪುರದಲ್ಲಿ ಇಳಿದೆವು. ಸೋದರಮಾವ ಗಾಡಿಯ ಪಕ್ಕದಲ್ಲೇ ಇದ್ದರು. ಗೋಣಿ ಸರಿಸಿ ಒಂದು ಎಲೆ ಎಳೆದು, ಚೊಂಬಿನ ನೀರು ಸುರಿದು, ಎತ್ತಿ ಕೆಳಗಿನಿಂದ ನೋಡಿದರು. ಒಂದು ಹನಿಯೂ ಜಿನುಗಲಿಲ್ಲ. ನನ್ನ ಎದೆಯ ಭಾರ ಆಗ ಇಳಿಯಿತು. ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಹಗುರವಾಗಿರಲಿಲ್ಲ. ಅತ್ತೆ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ಕಾಲು ಚಾಚಿದರು.

"ಮೊದ್ಲಿನ ಎಲೆ ಏನಾಯ್ತಮ್ಮ? ಯಾರ್ ಎಡವಟ್ಟು ಮಾಡಿದ್ದು?" ಎಂದು ಸೋದರಮಾವ ಕೇಳಿದರು.

"ನಂದೇ ಕಣಪ್ಪ. ನಮ್ಮನೆ ಲೆಕ್ಕನ ನಿಮ್ಮನೆಗೆ ಹಾಕ್ಬಿಟ್ಟೆ."

ನಾನು ಪಕ್ಕದಲ್ಲೇ ನಿಂತಿದ್ದೆ. ಸರಿಸಿದ್ದ ಗೋಣಿಯನ್ನು ಮತ್ತೆ ಕಟ್ಟುಗಳ ಮೇಲೆ ಎಳೆದೆ.

ಬೋರ್ಡು ಇನ್ನೂ ಕೆಲವು ವರ್ಷ ಇತ್ತು. ಎಂಬತ್ತರ ದಶಕದಲ್ಲಿ ಮದುವೆಗಳಿಗೆ ಬಾಡಿಗೆಯ ಸ್ಟೀಲ್ ತಟ್ಟೆಗಳು ಬಂದವು. ಎಲೆ ಹಚ್ಚುವ ಮನೆಗಳು ಒಂದೊಂದಾಗಿ ಬೇರೆ ಕೆಲಸ ಹಿಡಿದವು. ಅತ್ತೆ ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಪಾಠ ಮಾಡುತ್ತಿದ್ದೆ. ಸುದ್ದಿ ತಲುಪಿದ್ದು ಎಲ್ಲ ಮುಗಿದ ಮೇಲೆ. ಅವರ ಜೊತೆ ಕೂತು ಆ ಬೇಸಿಗೆಯ ಮಾತು ಒಮ್ಮೆಯೂ ಆಡಲಿಲ್ಲ... ಆಡಬಹುದಿತ್ತು.

ಆ ಬೇಸಿಗೆಯ ನನ್ನ ದಿನಚರಿ ಸಿಕ್ಕಿದೆ, ವರ್ಷವಿದ್ದ ಮೊದಲ ಹಾಳೆ ಹರಿದಿದೆ. ಅದರಲ್ಲಿ "ಎಲೆ ತಲುಪಿತು" ಎಂದಷ್ಟೇ ಇದೆ, ಕೆಳಗೆ ಎರಡು ಗೀಟು. ಮದುವೆ ಮುಂದಕ್ಕೆ ಹೋಗುತ್ತದೆ ಎಂಬ ಮಾತನ್ನು ಮೊದಲು ಅತ್ತೆಯೇ ಆಡಿದಂತೆ ನನಗೆ ನೆನಪು. ಆದರೆ ಆ ನೆನಪು ನನಗೆ ತೀರಾ ಅನುಕೂಲವಾಗಿದೆ, ಅದಕ್ಕೇ ನಂಬಿಕೆ ಬರುವುದಿಲ್ಲ.

ಗೃಹಪ್ರವೇಶ ಮುಗಿಸಿ ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೆ ಹೋದೆ. ಆ ದಿನ ಜಗಲಿಯಲ್ಲಿದ್ದವರಲ್ಲಿ ಈಗ ಉಳಿದಿರುವುದು ಅವರು, ನಾನು. ಅವರ ಕಿವಿ, ಬುದ್ಧಿ ಎರಡೂ ಚುರುಕಾಗಿವೆ. ನಾನು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದರು. ಇಬ್ಬರೂ ಬಿಡಿಸಿ ಮುಗಿಸಿದೆವು, ಅವರು ಕಾಳು ತೊಳೆಯಲು ಎದ್ದರು. ಆಮೇಲೆ ಎರಡು ಸಲ ಹೋಗಿ ಬಂದೆ, ಎರಡು ಸಲವೂ ಅದನ್ನೇ ಕೇಳಿದೆ:

"ಚಿಕ್ಕಮ್ಮ, ಅವತ್ತು ಮದುವೆ ಮುಂದಕ್ಕೆ ಹೋಗುತ್ತೆ ಅಂತ ಮೊದಲು ಅಂದಿದ್ದು ಅತ್ತೆನಾ, ನಾನಾ?"